ಶುಕ್ರವಾರದ 'ಎಫ್'

"ನೀನ್ಯಾಕೆ ಬಂದೆ?!"

ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲೇ ಸಹೋದ್ಯೋಗಿ ಎನ್ನೋ ಬೆಚ್ಚಿ ನಿಂತ. ಬೆಳಗಿನ ಆರು ಗಂಟೆ. ವೀಬ್ಕೆ ಆಗಲೇ ಕೆಲಸದ ನೀಲಿ ಅಂಗಿಯ ಗುಂಡಿ ಹಾಕುತ್ತಿದ್ದಳು.

"ಕೆಲಸಕ್ಕೆ! ಮಾತು ಕೊಟ್ಟು ಕೈಕೊಟ್ಟವನು ನನ್ನನ್ನೇ ಕೇಳ್ತೀಯಾ? ನಾಚಿಕೆ ಆಗಲ್ವಾ?"

ಜರ್ಮನಿಯ ಲೇರ್ ಪಟ್ಟಣದ ಆ ವೃದ್ಧಾಶ್ರಮದಲ್ಲಿ ಇಬ್ಬರೂ ಆರೈಕೆಯ ಕೆಲಸದವರು. ನಾಲ್ವರು ಮಾಡಬೇಕಾದದ್ದನ್ನು ಇಬ್ಬರು ಮಾಡಬೇಕು, ರಜೆ ಕೇಳಿದರೆ ಮೇಲ್ವಿಚಾರಕಿ ಹಾರ್ಮ್ಸ್ ಮೇಡಂ ಮುಖ ಗಂಟಿಕ್ಕುತ್ತಾರೆ. ಕಾನೂನು ಕೊಟ್ಟ ರಜೆಯೂ ಅಲ್ಲಿ ಕೈಗೆ ಬರುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ, ಅಷ್ಟೇ!

ವೀಬ್ಕೆಯ ಅಪ್ಪ ಹಿನ್ರಿಕ್ ಎಮ್ಡೆನ್‌ನ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದ. ಸಿಕ್ಕ ರಜೆಯನ್ನೆಲ್ಲ ಅವಳು ಅವನ ಹಾಸಿಗೆಯ ಪಕ್ಕದಲ್ಲೇ ಮುಗಿಸಿದ್ದಳು.

"ಶುಕ್ರವಾರ ಬರ್ತೀನಪ್ಪಾ."

"ಬೇಗ ಬಾ ಮಗಳೇ..."

ಆದರೆ ಅದು ಎಂಥ ಶುಕ್ರವಾರ! ಗುರುವಾರ ಹಬ್ಬ, ಆಮೇಲೆ ಶನಿವಾರ, ಭಾನುವಾರ. ನಡುವಿನ ಆ 'ಸೇತುವೆ ದಿನ'ವೊಂದು ಸಿಕ್ಕರೆ ಊರಿಗೆಲ್ಲ ಒಟ್ಟಿಗೆ ನಾಲ್ಕು ದಿನ ಬಿಡುವು; ಹಬ್ಬದಲ್ಲೂ ಪಾಳಿ ತಪ್ಪದ ಈ ವೃದ್ಧಾಶ್ರಮದಲ್ಲಿ ಆ ಒಂದು ದಿನಕ್ಕೇ ಕಿತ್ತಾಟ. ಜನವರಿಯಲ್ಲೇ ಜಗಳವಾಡಿ ಅದನ್ನು ಗಿಟ್ಟಿಸಿಕೊಂಡವನು ಎನ್ನೋ. ಅವನೇ ಅಂದಿದ್ದ, "ಆ ರಜೆ ನೀನು ತಗೋ. ನಿನ್ನ ಪಾಳಿ ನಾನು ಮಾಡ್ತೀನಿ. ಮೇಡಂ ಹತ್ರ ನಾನೇ ಮಾತಾಡ್ತೀನಿ."

ಬುಧವಾರ ಸಂಜೆ ಪಾಳಿಯ ಹೊಸ ಪಟ್ಟಿ ಗೋಡೆಗೆ ಬಂತು. ಶುಕ್ರವಾರದ ಚೌಕದಲ್ಲಿ ವೀಬ್ಕೆಯ ಹೆಸರಿನ ಮುಂದೆ 'ಎಫ್'. ಎಫ್ ಅಂದರೆ ಫ್ರ್ಯೂ, ಬೆಳಗಿನ ಪಾಳಿ. ಒಂಬತ್ತು ವರ್ಷಗಳಿಂದ ಅದೇ ಅಕ್ಷರ, ಅದೇ ಅರ್ಥ!

'ಇವನೂ ಎಲ್ಲರಂತೆಯೇ...' ಎಂದುಕೊಂಡು ಅವಳು ಪಟ್ಟಿಗೆ ಬೆನ್ನು ತಿರುಗಿಸಿದಳು. ಅವನ ಸಾಲಿನಲ್ಲಿ ಏನಿದೆ ಎಂದು ನೋಡುವಷ್ಟೂ ಸಹನೆ ಇರಲಿಲ್ಲ. ಗುರುವಾರ ಎರಡೆರಡು ಪಾಳಿ ದುಡಿದಳು. ಎನ್ನೋ ಮೂರು ಸಲ ಫೋನ್ ಮಾಡಿದ. ಮೂರು ಸಲವೂ ಕತ್ತರಿಸಿದಳು.

ಈಗ, ಶುಕ್ರವಾರ ಬೆಳಿಗ್ಗೆ, ಅವನು ತಲೆಯ ಮೇಲೆ ಕೈ ಹೊತ್ತು ನಿಂತಿದ್ದ.

"ಅಯ್ಯೋ ವೀಬ್ಕೆ! ಈ ಪಟ್ಟಿ ಹೊಸ ಕಂಪ್ಯೂಟರ್ ಮಾಡಿದ್ದು ಕಣೇ. ಈಗ ಎಫ್ ಅಂದ್ರೆ ಫ್ರೈ... ರಜೆ! ಬೆಳಗಿನ ಪಾಳಿಗೆ 'ಒಂದು' ಅಂತ ಹಾಕಿದ್ದಾರೆ. ಕೆಳಗೆ ಸಣ್ಣ ಅಕ್ಷರದಲ್ಲಿ ಬರ್ದಿತ್ತಲ್ಲ!"

ವೀಬ್ಕೆ ಅಂಗಿಯ ಗುಂಡಿಯನ್ನು ಅರ್ಧಕ್ಕೇ ಬಿಟ್ಟಳು. ರಜೆ... ನಿನ್ನೆ ರಾತ್ರಿಯೇ ಹೋಗಿ ಅಪ್ಪನ ಪಕ್ಕ ಕೂರಬಹುದಿತ್ತು!

"ನನ್ನ ಕಾರ್ ತಗೊಂಡು ಹೋಗು. ಮುದುಕರನ್ನ ಬಿಟ್ಟು ನಾನು ಬರೋಕಾಗಲ್ಲ. ಓಡು!"

ಓಡಿದಳು. ಆದರೆ ಎಮ್ಡೆನ್ ಮುಟ್ಟಿದಾಗ ನರ್ಸ್ ಬಾಗಿಲಲ್ಲೇ ಅವಳ ಕೈ ಹಿಡಿದುಕೊಂಡಳು.

"ಅರ್ಧ ಗಂಟೆ ಆಯ್ತಮ್ಮಾ... ನಿಮ್ಮನ್ನ ಕೇಳ್ತಿದ್ರು."

ಅಪ್ಪನ ಅಂಗೈ ಇನ್ನೂ ಬೆಚ್ಚಗಿತ್ತು. ಅದನ್ನು ಕೆನ್ನೆಗೆ ಒತ್ತಿಕೊಂಡು ವೀಬ್ಕೆ ಬಿಕ್ಕಿ ಬಿಕ್ಕಿ ಅತ್ತಳು.

ಮಧ್ಯಾಹ್ನ ಹಾರ್ಮ್ಸ್ ಮೇಡಂ ಫೋನ್ ಮಾಡಿದರು. "ತುಂಬಾ ಬೇಜಾರಾಯ್ತು. ತಂದೆ ತೀರ್ಕೊಂಡ್ರೆ ಎರಡು ದಿನ ವಿಶೇಷ ರಜೆ ಇದೆ ನಿಮಗೆ. ಅರ್ಜಿ ಮಾತ್ರ ಮರೀಬೇಡಿ."

ಬದುಕಿದ್ದಾಗ ಸಿಗದ ರಜೆ, ಸತ್ತಮೇಲೆ ತಾನೇ ಹುಡುಕಿಕೊಂಡು ಬಂತು. ಥೂ!

ಪಾಳಿ ಮುಗಿಸಿ ರೈಲು ಹಿಡಿದು ಎನ್ನೋ ಬಂದಾಗ ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು.

"ನಿನ್ನ ಫೋನ್ ಎತ್ತಿದ್ದಿದ್ರೆ... ಒಂದೇ ಒಂದು ಸಲ ಎತ್ತಿದ್ದಿದ್ರೆ..."

"ತಪ್ಪು ನಂದೂ ಇದೆ. ನಿನ್ನೆ ನಿನ್ನ ಮನೆ ತನಕ ಬಂದಿದ್ದೆ. ಬಾಗಿಲು ತಟ್ಟದೆ ವಾಪಸ್ ಹೋದೆ."

"ಯಾಕೋ?"

ಎನ್ನೋ ತಲೆ ತಗ್ಗಿಸಿದ. "ನಿನ್ನ ಮುಖ ನೋಡಿದ್ರೆ ಮನಸ್ಸಲ್ಲಿರೋದೆಲ್ಲ ಬಾಯಿಗೆ ಬಂದ್ಬಿಡ್ತಿತ್ತು. ಒಂದು ದಿನ ರಜೆ ಕೊಟ್ಟು ಪ್ರೀತಿ ಕೇಳೋಕೆ ಬಂದ ಅಂದ್ಕೋತೀಯೇನೋ ಅಂತ ಹೆದರಿದೆ."

ವೀಬ್ಕೆಗೆ ಸಿಟ್ಟು ಬಂತು, ಅಳು ಬಂತು, ಅವನ ಮೇಲೆ ಹೇಳಲಾರದಷ್ಟು ಮಮತೆಯೂ ಬಂತು.

"ಈಗ ಹೇಳು."

"ಈ ಹೊತ್ತಲ್ಲಿ ಬೇಡ ವೀಬ್ಕೆ... ಆಮೇಲೆ..."

"ಆಮೇಲೆ ಅನ್ನೋದು ಇರಲ್ಲ ಕಣೋ! ಈಗಲೇ ಹೇಳು."

"ನೀನಂದ್ರೆ ನಂಗೆ ಪ್ರಾಣ."

ಅವಳು ಅವನ ಭುಜಕ್ಕೆ ತಲೆಯಿಟ್ಟಳು.

"ನಾಳೆ ನಿಂಗೆ ಪಾಳಿ ಇದ್ಯಾ?"

"ಬೆಳಿಗ್ಗೆ ಇದೆ."

"ಹೋಗ್ಬೇಡ ಎನ್ನೋ... ನನ್ ಜೊತೆ ಇರು."

"ಹೋಗಲ್ಲ."

"ಮೇಡಂನ ಕೇಳ್ಬೇಕಲ್ಲ?"

"ಕೇಳಲ್ಲ." ಅವನು ಅವಳ ಕೈಯನ್ನು ಎರಡೂ ಕೈಗಳಲ್ಲಿ ಮುಚ್ಚಿಕೊಂಡ. "ಹೇಳ್ತೀನಿ."