ಜಟ್ಟಪ್ಪ ಭಾವನ ಅಂಗೈ

ನನ್ನ ಭಾವ ಜಟ್ಟಪ್ಪನ ಕೈಗೆ ಆದದ್ದನ್ನು ಕೇಳಿದವರು ಅರ್ಧ ನಂಬುತ್ತಾರೆ, ನೋಡಿದವರು ಮತ್ತೆ ಅವನ ಮನೆಗೆ ಕಾಲಿಡುವುದಿಲ್ಲ. ಅರವತ್ತೆರಡನೇ ಇಸವಿಯಲ್ಲಿ ಅವನು ಯಲ್ಲಾಪುರದ ಹೊರಗಿನ ಒಂದು ಬಂಗಲೆಯಲ್ಲಿ ಚಾಕರಿಗಿದ್ದ. ಸಾಹೇಬರ ಪೈಪಿಗೆ ತಂಬಾಕು ಅಣಿ ಮಾಡುವುದೂ ಅವನ ಕೆಲಸವೇ. ಒತ್ತಿ ಗಟ್ಟಿ ಮಾಡಿದ ತಂಬಾಕಿನ ಅಚ್ಚನ್ನು ಅಡಕತ್ತರಿಯಲ್ಲಿ ತೆಳ್ಳಗೆ ಕತ್ತರಿಸಿ, ಅಂಗೈಯಲ್ಲಿ ತಿಕ್ಕಿ ಬಿಡಿಸಿ, ತುಸು ಆರಲು ಬಿಡಬೇಕು.

ಸಾಹೇಬರು ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ ನಾನೂ ಅವನ ಹೆಂಡತಿ ನಾಗಕ್ಕನೂ ಅಲ್ಲಿಗೆ ಹೋದಾಗ ಭಾವ ಜಗಲಿಯಲ್ಲಿ ಕೂತು ತಂಬಾಕು ತಿಕ್ಕುತ್ತಿದ್ದ.

"ಯಾರಿಗಾ ಭಾವ ಇದು? ಸ್ವರ್ಗಕ್ಕೆ ಪಾರ್ಸಲ್ಲಾ?" ಎಂದು ನಾನು ನಕ್ಕೆ.

"ನಗಬೇಡ. ಇನ್ನೂ ಹಸಿ ಉಂಟು, ತಿಕ್ಕು ಅಂತ ಸಾಹೇಬ್ರು ಒಳಗಿಂದ ಹೇಳ್ತಾ ಇದ್ರು. ಕೈ ನಿಲ್ಲೂದಿಲ್ಲ ಮಾರಾಯ, ಹಿಡ್ಕೋ!"

ಹಿಡಿದೆ. ಬಿಸಿಲಲ್ಲಿ ಕೂತವನ ಮಣಿಕಟ್ಟು ಬಾವಿಹಗ್ಗದಂತೆ ತಣ್ಣಗಿತ್ತು. ನನ್ನ ಕೈಯನ್ನೂ ಎಳೆದುಕೊಂಡೇ ಅದು ತಿಕ್ಕುತ್ತಿತ್ತು.

ನಾಗಕ್ಕ ಖಾಲಿ ಬಂಗಲೆಯ ಮುಚ್ಚಿದ ಬಾಗಿಲಿಗೆ ಕೈಮುಗಿದಳು. "ದಮ್ಮಯ್ಯ ಸಾಹೇಬ್ರೆ, ನನ್ನ ಗಂಡನ್ನ ಬಿಟ್ಬಿಡಿ. ಮಕ್ಕಳೊಂದಿಗರು ನಾವು."

ಒಳಗೆ ಯಾರೋ ಸಣ್ಣಗೆ ಕೆಮ್ಮಿದರು.

ಮನೆಗೆ ಕರೆತಂದು ಅವನ ಕೈ ತೊಳೆದೆವು. ಎರಡೂ ಕೈಗಳನ್ನು ದೂರ ದೂರ ಇಟ್ಟು ಬಟ್ಟೆಯಲ್ಲಿ ಕಟ್ಟಿದೆವು. ಗಂಟು ತಾನಾಗಿ ಸಡಿಲವಾಗುತ್ತಿತ್ತು. ಶಿರಸಿಯ ಡಾಕ್ಟರು ನರದ ಕಾಯಿಲೆ ಎಂದರು, ಗುಳಿಗೆ ಕೊಟ್ಟರು.

ಈಗ ಅವನಿಗೆ ನಾಗಕ್ಕನೇ ತುತ್ತು ತಿನ್ನಿಸುತ್ತಾಳೆ. ಮನೆಯಲ್ಲಿ ಒಂದೆಳೆ ತಂಬಾಕು ಇಟ್ಟಿಲ್ಲ. ಆದರೂ ಆ ಖಾಲಿ ಅಂಗೈಗಳ ನಡುವಿನಿಂದ ತಂಬಾಕು ಉದುರುತ್ತಲೇ ಇರುತ್ತದೆ, ಅವಳು ಗುಡಿಸುತ್ತಲೇ ಇರುತ್ತಾಳೆ.