ಸುಡಬೇಕಿದ್ದ ರಿಲೇ

ನಾವು ಹೋಗುವಷ್ಟರಲ್ಲಿ ಲಾರಿಯ ತೊಟ್ಟಿಯಲ್ಲಿದ್ದ ಮೀನುಮರಿಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮೀನು ಸಾಕಣೆಯ ಯಜಮಾನಿ ಕೊಳದ ಏರಿಯ ಮೇಲೆ ನಿಂತು ಲಾರಿ ಡ್ರೈವರನ ಮೇಲೆ ಹರಿಹಾಯುತ್ತಿದ್ದರು. ಮರಿಗಳು ಕುಲುಕಬಾರದೆಂದು ಆಮೆಯ ಹಾಗೆ ಲಾರಿ ಓಡಿಸುತ್ತಿದ್ದುದರಿಂದ ಎಲ್ಲರೂ ಅವನನ್ನು ಮೆಲ್ಲಗ ಎಂದೇ ಕರೆಯುತ್ತಿದ್ದರು. ಚಿಕ್ಕಂದಿನಿಂದ ಯಜಮಾನಿಯ ಮನೆಯಲ್ಲೇ ಬೆಳೆದವನು. ಸಾಕಣೆಯ ಪೂರ್ತಿ ಉಸ್ತುವಾರಿ ಇನ್ನೇನು ಅವನ ಕೈಗೆ ಬರುವುದಿತ್ತು. ಈಗ ಯಜಮಾನಿ, "ಸಂಜೆಯೊಳಗೆ ಗಂಟುಮೂಟೆ ಕಟ್ಟು" ಎನ್ನುತ್ತಿದ್ದರು.

ನನ್ನ ದೊಡ್ಡಮ್ಮನಿಗೆ ಹೇಳಿಕಳಿಸಿದ್ದು ಅಲ್ಲಿನ ಎಲೆಕ್ಟ್ರಿಷಿಯನ್. ವಿಮಾ ಕಂಪನಿಗಾಗಿ ಸುಟ್ಟ ವಾಹನಗಳನ್ನು ನೋಡುತ್ತಲೇ ತಲೆ ನೆರೆಸಿಕೊಂಡಿದ್ದ ದೊಡ್ಡಮ್ಮ, ನಿವೃತ್ತಿಯ ನಂತರ ಊರಿನ ತಂಟೆಗಳಲ್ಲೆಲ್ಲ ಮೂಗು ತೂರಿಸುತ್ತಿದ್ದರು. ಆ ಮೂಗನ್ನು ಸ್ಕೂಟರಿನಲ್ಲಿ ಸಾಗಿಸುವ ಕೆಲಸ ನನ್ನದಾಗಿತ್ತು.

"ದಾರಿಯುದ್ದಕ್ಕೂ ಗಾಳಿ ಪಂಪೇ ಓಡಿಲ್ಲ," ಎಂದ ಯಜಮಾನಿಯ ತಮ್ಮ. ಅವನು ವ್ಯಾನಿನಲ್ಲಿ ಬಲೆಗಳನ್ನು ಹೇರಿಕೊಂಡು, ಎಲೆಕ್ಟ್ರಿಷಿಯನ್ನನ್ನೂ ಕೂರಿಸಿಕೊಂಡು, ಲಾರಿಯ ಹಿಂದೆಯೇ ಬಂದಿದ್ದ. "ಇಲ್ನೋಡಿ, ಸ್ವಿಚ್ ಹನ್ನೆರಡರಲ್ಲೇ ಇದೆ. ಲಾರಿಗೆ ಇಪ್ಪತ್ನಾಲ್ಕಕ್ಕೆ ತಿರುಗಿಸ್ಬೇಕು. ಮರೆತಿದಾನೆ ಪುಣ್ಯಾತ್ಮ."

ತೊಟ್ಟಿಯ ಹಿಂಬದಿಗೆ ಸಿಕ್ಕಿಸಿದ್ದ ಪೆಟ್ಟಿಗೆಯನ್ನು ತೋರಿಸಿ ಎಲೆಕ್ಟ್ರಿಷಿಯನ್ ವಿವರಿಸಿದ. ತೊಟ್ಟಿಯ ನೀರಿಗೆ ಗಾಳಿ ಊದುವ ಪಂಪಿಗೆ ಅದರದೇ ಬ್ಯಾಟರಿ ಇತ್ತು. ವಾಹನದ ಕೀ ತಿರುಗಿಸಿದೊಡನೆ ಪೆಟ್ಟಿಗೆಯೊಳಗಿನ ರಿಲೇ ಕಿಟಕ್ಕೆಂದು ಪಂಪನ್ನು ಚಾಲೂ ಮಾಡುತ್ತಿತ್ತು. ರಿಲೇ ಹನ್ನೆರಡು ವೋಲ್ಟಿನದು. ವ್ಯಾನಿನ ಬ್ಯಾಟರಿ ಹನ್ನೆರಡು, ಲಾರಿಯದು ಇಪ್ಪತ್ನಾಲ್ಕು. ಒಂದೇ ಪೆಟ್ಟಿಗೆ ಎರಡಕ್ಕೂ ಆಗಲೆಂದು ಅವನು ಸ್ವಿಚ್ ಇಟ್ಟಿದ್ದ. ಹನ್ನೆರಡಕ್ಕೆ ಇಟ್ಟರೆ ಕರೆಂಟು ನೇರ ರಿಲೇಗೆ. ಇಪ್ಪತ್ನಾಲ್ಕಕ್ಕೆ ಇಟ್ಟರೆ ನಡುವೆ ಒಂದು ರೆಸಿಸ್ಟರ್ ಬಂದು ಅರ್ಧ ವೋಲ್ಟೇಜನ್ನು ತಾನೇ ನುಂಗಿಕೊಳ್ಳುತ್ತಿತ್ತು.

ದೊಡ್ಡಮ್ಮ ಪೆಟ್ಟಿಗೆಯನ್ನು ಮೂಸಿದರು. ಸ್ವಿಚ್ಚನ್ನು ಇಪ್ಪತ್ನಾಲ್ಕಕ್ಕೆ ತಿರುಗಿಸಿ ನನ್ನಿಂದ ಲಾರಿಯ ಕೀ ಹಾಕಿಸಿದರು. ರಿಲೇ ಕಿಟಕ್ಕೆಂದಿತು. ಬ್ಯಾಟರಿಯಲ್ಲಿ ಕಸುವಿಲ್ಲದೆ ಪಂಪು ಮುಲುಗಿ ಸುಮ್ಮನಾಯಿತು. ಪಂಪಿನಿಂದ ತೊಟ್ಟಿಯ ವಾಲ್ವಿಗೆ ಹೋಗುವ ಕೊಳವೆ ಒಂದು ಕಡೆ ಬುಗ್ಗೆಯಂತೆ ಉಬ್ಬಿತ್ತು, ಆದರೆ ವಾಲ್ವ್ ಪೂರ್ತಿ ತೆರೆದೇ ಇತ್ತು.

ಆಮೇಲೆ ಮೂವರನ್ನೂ ಬೇರೆಬೇರೆಯಾಗಿ ಕರೆದು ಒಂದೇ ಪ್ರಶ್ನೆ ಕೇಳಿದರು: ಸ್ವಿಚ್ ತಪ್ಪಾದರೆ ಏನಾಗುತ್ತದೆ?

"ಅದು ಯಾವ ಗಾಡಿ ಅನ್ನೋದ್ರ ಮೇಲಿದೆ," ಎಂದ ಎಲೆಕ್ಟ್ರಿಷಿಯನ್.

"ಹೊಗೆ ಬರುತ್ತಮ್ಮ," ಎಂದ ಮೆಲ್ಲಗ. "ಒಂದ್ಸಲ ಹಾಗೆ ಸುಟ್ಟಿದೀನಿ. ಅವತ್ತಿಂದ ಎರಡೆರಡು ಸಲ ನೋಡ್ದೆ ಲಾರಿ ಹತ್ತಲ್ಲ. ಇವತ್ತೂ ಪಂಪಿನ ಸದ್ದು ಕೇಳ್ತಾನೇ ಇತ್ತು. ಇಲ್ಲಿ ಇಳಿದು ನೋಡಿದ್ರೆ ಹೀಗೆ. ಯಜಮಾನಿಯಮ್ಮನ್ನ ಕರೆಯೋಕೆ ಓಡಿದೆ."

"ಏನಾಗುತ್ತೆ? ಕಿಟಕ್ ಅನ್ನಲ್ಲ, ಸುಮ್ನಿರುತ್ತೆ. ನನ್ ವ್ಯಾನಲ್ಲಿ ಎಷ್ಟೋ ಸಲ ಆಗಿದೆ," ಎಂದ ತಮ್ಮ.

ನನಗೆ ತಲೆಬುಡ ತಿಳಿಯಲಿಲ್ಲ. ದೊಡ್ಡಮ್ಮ ಮಾತ್ರ ಎಲ್ಲರನ್ನೂ ಲಾರಿಯ ಹಿಂದೆ ಸೇರಿಸಿದರು. ಅವರ ಮಾತಿನಂತೆ ಎಲೆಕ್ಟ್ರಿಷಿಯನ್ ಪೆಟ್ಟಿಗೆಗೆ ಬೇರೊಂದು ರಿಲೇ ಹಾಕಿ, ಪಂಪಿಗೆ ಚಾರ್ಜಾದ ಬ್ಯಾಟರಿ ಕೊಟ್ಟು, ಸ್ವಿಚ್ಚನ್ನು ಹನ್ನೆರಡಕ್ಕೇ ಇಟ್ಟ. ನಾನು ಕೀ ತಿರುಗಿಸಿದೆ.

ರಿಲೇ ಕಿಟಕ್ಕೆಂದಿತು. ಪಂಪು ಓಡಿತು! ಯಜಮಾನಿ ಹುಬ್ಬೇರಿಸಿದರು. ಕಾಯುತ್ತಿದ್ದ ಹಾಗೆ ಮೊದಲು ಕಮಟು ವಾಸನೆ, ಆಮೇಲೆ ಸಣ್ಣ ಹೊಗೆ ಬಂದು ಪಂಪು ನಿಂತುಹೋಯಿತು.

"ಲಾರಿಯಲ್ಲಿ ಸ್ವಿಚ್ ತಪ್ಪಿದ್ರೆ ಆಗೋದು ಇದು," ಎಂದರು ದೊಡ್ಡಮ್ಮ. "ಎರಡು ಪಟ್ಟು ವೋಲ್ಟೇಜು, ನಾಲ್ಕು ಪಟ್ಟು ಬಿಸಿ. ಅಷ್ಟು ದೂರದ ದಾರೀಲಿ ಆ ರಿಲೇ ಕರಕಲಾಗ್ಬೇಕಿತ್ತು. ಅದಕ್ಕೆ ಏನೂ ಆಗಿಲ್ಲ. ಅಂದ್ರೆ ಹೊರಟಾಗ ಸ್ವಿಚ್ ಸರಿಯಾಗೇ ಇತ್ತು, ಕೀ ತೆಗೆದ ಮೇಲೆ ಯಾರೋ ತಿರುಗಿಸಿದಾರೆ. ಪಂಪೂ ಓಡಿದೆ, ಅದಕ್ಕೇ ಬ್ಯಾಟರಿ ಖಾಲಿ. ಆದ್ರೆ ಹೊರಡೋ ಮುಂಚೆನೇ ಯಾರೋ ವಾಲ್ವ್ ಮುಚ್ಚಿದ್ರು. ಗಾಳಿಗೆ ದಾರಿಯಿಲ್ದೆ ಕೊಳವೆ ಉಬ್ಬಿದೆ. ಇಲ್ಲಿಗೆ ಬಂದ ಮೇಲೆ ವಾಲ್ವ್ ತೆರೆದು, ಸ್ವಿಚ್ ತಿರುಗಿಸಿದಾರೆ."

"ಯಾರು?" ಎಂದರು ಯಜಮಾನಿ.

"ಮೆಲ್ಲಗ ನಿಮ್ಮನ್ನ ಕರೆಯೋಕೆ ಓಡಿದಾಗ ಇಲ್ಲಿದ್ದೋರು ಇಬ್ಬರೇ. ಎಲೆಕ್ಟ್ರಿಷಿಯನ್‌ಗೆ ರಿಲೇ ಸುಡುತ್ತೆ ಅಂತ ಗೊತ್ತು. ಸುಡದ ರಿಲೇ ಮುಂದೆ ಇಂಥ ನಾಟಕ ಅವನು ಆಡ್ತಿರ್ಲಿಲ್ಲ. ವ್ಯಾನಲ್ಲಿ ಸ್ವಿಚ್ ಇಪ್ಪತ್ನಾಲ್ಕಕ್ಕೆ ಇದ್ರೆ ರಿಲೇಗೆ ಅರ್ಧ ವೋಲ್ಟೇಜು, ಅದಕ್ಕೆ ಕಿಟಕ್ ಅನ್ನೋ ಶಕ್ತಿ ಸಾಲಲ್ಲ, ಸುಮ್ನಿರುತ್ತೆ. ಲಾರೀಲೂ ಹಾಗೇ ಅಂದ್ಕೊಳ್ಳೋನು ಬರೀ ವ್ಯಾನ್ ಓಡಿಸಿರೋನು."

ತಮ್ಮನ ಮುಖ ಸಪ್ಪಗಾಯಿತು. "ಅಕ್ಕಾ, ಎಲ್ಲಾ ಸಾಯ್ತವೆ ಅಂದ್ಕೊಂಡಿರ್ಲಿಲ್ಲ. ಒಂದಷ್ಟು ಸತ್ರೆ ಉಸ್ತುವಾರಿ ಅವನಿಗೆ ಹೋಗಲ್ಲ ಅಂತ... ಒಡಹುಟ್ಟಿದೋನು ನಾನಲ್ವಾ?"

ಯಜಮಾನಿ ಮೆಲ್ಲಗನ ಕಡೆ ತಿರುಗಿ, "ನಾಳೆಯಿಂದ್ಲೇ ಎಲ್ಲಾ ನೀನೇ ನೋಡ್ಕೊಳ್ಳಪ್ಪ," ಎಂದರು.

"ಬೇಡಮ್ಮ," ಎಂದ ಅವನು. "ಈ ಅಮ್ಮ ಬಂದು ರಿಲೇನೂ ವಿಚಾರಿಸಿದ್ರು. ನೀವು ನನ್ನ ಒಂದು ಮಾತೂ ಕೇಳ್ಲಿಲ್ಲ."

ಯಜಮಾನಿ ಎಲ್ಲರೆದುರೇ, "ತಪ್ಪಾಯ್ತು ಕಣೋ," ಎಂದರು. ಅಷ್ಟು ಬೈಗುಳ ತಿಂದರೂ ಅಳದಿದ್ದವನು ಆಗ ಬಿಕ್ಕಿ ಬಿಕ್ಕಿ ಅತ್ತ. ಯಜಮಾನಿ ಅವನ ಬೆನ್ನ ಮೇಲೆ ಕೈಯಿಟ್ಟು ನಿಂತೇ ಇದ್ದರು. ಅತ್ತು ಮುಗಿದ ಮೇಲೆ ಅವನು ಮುಖ ತೊಳೆದುಕೊಂಡು, ಯಾರನ್ನೂ ನೋಡದೆ, ಹೊರಟೇ ಹೋದ.