ಹಳೆ ಕಂಪ್ಯೂಟರಿನೊಳಗಿದ್ದ ಮದುವೆ ಕಾರ್ಡು

ಭವ್ಯಶ್ರೀ ಮಾತಿಲ್ಲದೆ ಮದುವೆ ಕಾರ್ಡುಗಳನ್ನು ಕವರಿಗೆ ಹಾಕುತ್ತಿದ್ದಳು. ಮಡಿಕೆ ಕೆಳಗೆ ಬರಬೇಕು, ಗಣಪತಿಯ ಚಿತ್ರ ಮೇಲೆ ಬರಬೇಕು. ನೂರಾದಾಗ ರಬ್ಬರ್ ಬ್ಯಾಂಡ್ ಹಾಕಿ ಬದಿಗಿಡಬೇಕು. ಸಿದ್ಧಕಟ್ಟೆಯ, ಗಂಡನ ಆ ಪುಟ್ಟ ಕಾರ್ಡಂಗಡಿಯಲ್ಲಿ ಅವಳಿಗೆ ಬರುತ್ತಿದ್ದ ಕೆಲಸ ಇದೊಂದೇ.

ಹೊರಗೆ ಸ್ಕೂಟರ್ ನಿಂತಿತು. ಒಳಗೆ ಬಂದವಳು ಯಾರನ್ನೂ ಕೇಳದೆ ಚಪ್ಪಲಿ ಬಿಟ್ಟು, ಭವ್ಯಶ್ರೀಯ ಚೀಲ ತೂಗುತ್ತಿದ್ದ ಮೊಳೆಗೇ ತನ್ನ ಹೆಲ್ಮೆಟ್ ಸಿಕ್ಕಿಸಿ, ನೇರ ಹೋಗಿ ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕುಳಿತಳು.

"ಇನ್ನೂ ಸತ್ತಿಲ್ವಾ ಮಾರಾಯ ಇದು? ನಾನು ಬಿಟ್ಟು ಹೋಗುವಾಗಲೇ ಹೇಳಿದ್ದೆ ನಿನಗೆ."

ನಿನಗೆ...

ಭವ್ಯಶ್ರೀಯ ಕೈಯಲ್ಲಿದ್ದ ಕಾರ್ಡು ಕವರಿನ ಬಾಯಲ್ಲೇ ನಿಂತಿತು. ಮದುವೆಯಾಗಿ ನಾಲ್ಕು ತಿಂಗಳಾದರೂ ಗಂಡ ಸಂದೇಶನನ್ನು ಅವಳು 'ನೀವು' ಎಂದು ಕರೆಯುವುದೇ ಮೆಲುದನಿಯಲ್ಲಿ. ಇವಳು ನೋಡಿದರೆ ಬಾಗಿಲು ದಾಟುವ ಮೊದಲೇ 'ನೀನು' ಎನ್ನುತ್ತಾಳೆ! ಅವನೋ, ಬಾಯಿ ತುಂಬ ನಗುತ್ತಾನೆ. ಮನೆಯಲ್ಲಿ ಅವನು ಹೀಗೆ ನಕ್ಕದ್ದನ್ನು ಅವಳು ಒಂದು ಸಲವೂ ನೋಡಿರಲಿಲ್ಲ.

ಹಾಗಾದರೆ ಇವಳೇ ಸಾತ್ವಿಕಾ.

ಹೆಸರು ಹೊಸದಲ್ಲ. ದಿನಕ್ಕೊಂದು ಸಲವಾದರೂ ಕೇಳಿದ್ದೇ. ಅಕ್ಷರ ಸರಿ ಕೂರದಿದ್ದರೆ, ಯಾವುದೋ ಹಳೆಯ ಕಾರ್ಡು ಸಿಗದಿದ್ದರೆ ಸಂದೇಶ ತಲೆ ಕೆರೆದುಕೊಂಡು, ಸಾತ್ವಿಕಾ ಇದ್ದಿದ್ದರೆ ಐದು ನಿಮಿಷದ ಕೆಲಸ ಎನ್ನುತ್ತಿದ್ದ. ನಾಲ್ಕು ವರ್ಷ ಇದೇ ಕುರ್ಚಿಯಲ್ಲಿ ಕುಳಿತವಳು. ಫೆಬ್ರವರಿಯಲ್ಲಿ ಮದುವೆಯಾಗಿ ಮೂಡುಬಿದಿರೆಗೆ ಹೋದಳು. ಮಾರ್ಚಿನಲ್ಲಿ ಭವ್ಯಶ್ರೀ ಈ ಮನೆಗೆ ಬಂದಳು. ಅವಳು ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು; ಕುರ್ಚಿಯ ಹತ್ತಿರ ಹೋಗುವ ಧೈರ್ಯವಾಗಲೀ, ಕರೆಯಾಗಲೀ ಇದುವರೆಗೆ ಬಂದಿರಲಿಲ್ಲ.

ಹಳೆಯ ಕಂಪ್ಯೂಟರು ಎರಡು ವಾರದಿಂದ ಟಕ್ ಟಕ್ ಎನ್ನುತ್ತಿತ್ತು. ಬಿಸಿಯಾದರೆ ತಾನಾಗಿ ಆಫ್. ಅದಕ್ಕೇ ಡಬ್ಬದ ಬದಿಯ ತಗಡು ಬಿಚ್ಚಿ, ಟೇಬಲ್ ಫ್ಯಾನನ್ನು ಅದರ ಹೊಟ್ಟೆಗೆ ಮುಖ ಮಾಡಿ ಇಟ್ಟಿದ್ದರು. ಪಕ್ಕದಲ್ಲಿ ಹೊಸದು. ನಡುವೆ ಒಂದು ವೈರು. ಆರು ವರ್ಷದ ಮದುವೆ, ಗೃಹಪ್ರವೇಶ, ಉತ್ತರಕ್ರಿಯೆಯ ಕಾರ್ಡುಗಳೆಲ್ಲ ಅದರಿಂದ ಇದಕ್ಕೆ ಬರಬೇಕು. ಯಾವುದು ಎಲ್ಲಿದೆ ಎಂದು ಗೊತ್ತಿದ್ದವಳು ಸಾತ್ವಿಕಾ ಒಬ್ಬಳೇ. ಹಾಗಾಗಿ ಸಂದೇಶನೇ ಫೋನು ಮಾಡಿ ಕರೆಸಿದ್ದ.

ಇಬ್ಬರೂ ಒಂದೇ ಪರದೆಗೆ ತಲೆ ಬಾಗಿಸಿ ಕುಳಿತರು. ಯಾವನೋ ಮದುಮಗನ ಹೆಸರು ತಪ್ಪಾಗಿ ಮುನ್ನೂರು ಕಾರ್ಡು ಮತ್ತೆ ಅಚ್ಚು ಹಾಕಿದ ಕಥೆ ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕರು. ಭವ್ಯಶ್ರೀಗೆ ಆ ಮದುಮಗ ಯಾರೆಂದು ಗೊತ್ತಿಲ್ಲ. ನಗು ಎಲ್ಲಿಂದ ಶುರುವಾಯಿತು ಎಂದೂ ಗೊತ್ತಿಲ್ಲ. ಅವಳು ಕವರು ತುಂಬುತ್ತಲೇ ಇದ್ದಳು.

ನನಗೂ ಹೇಳಿದರೆ ನಾನೂ ನಗುತ್ತಿದ್ದೆನಲ್ಲ...

ಮಧ್ಯಾಹ್ನ ಇನ್ನೊಂದು ವೈರು ಬೇಕಾಯಿತು. ಇಬ್ಬರೂ ಎದುರಿನ ಅಂಗಡಿಗೆ ಹೊರಟರು. ಹಳೆಯದು ಆಫಾದರೆ ಕೂಡಲೇ ಕರೆ ಎಂದು ಸಂದೇಶ ಹೇಳಿ ಹೋದ.

ಭವ್ಯಶ್ರೀ ಎದ್ದು ಹೊಸ ಕಂಪ್ಯೂಟರಿನ ಮುಂದೆ ನಿಂತಳು. ಬಂದು ಸೇರುತ್ತಿದ್ದ ಕಾರ್ಡುಗಳು ಅಂಚೆಚೀಟಿಯಷ್ಟು ಗಾತ್ರದಲ್ಲಿ ಒಂದರ ಪಕ್ಕ ಒಂದು ಮೂಡುತ್ತಿದ್ದವು. ಕೆಂಪು, ಹಳದಿ, ಕೆಂಪು... ಅದರಲ್ಲೊಂದು ಅವಳದ್ದೇ ಮದುವೆಯ ಕಾರ್ಡಿನ ಹಾಗೆ ಕಂಡಿತು. ಅದೇ ಬಳ್ಳಿ, ಅದೇ ದೀಪ. ಆಸೆಯಾಯಿತು. ದೂರದಿಂದ ನೋಡಿಯೇ ಕಲಿತಿದ್ದಳು, ಎರಡು ಸಲ ಒತ್ತಬೇಕು. ಒತ್ತಿದಳು.

ಪರದೆಯ ತುಂಬ ದೊಡ್ಡ ಬಂಗಾರದ ಅಕ್ಷರ ತೆರೆದುಕೊಂಡಿತು.

ಚಿ. ಸಂದೇಶ್.

ಅದರ ಕೆಳಗೆ, ಚಿ. ಸೌ. ಸಾತ್ವಿಕಾ.

ಮುಂದಕ್ಕೆ ಓದಲು ಅವಳಿಗೆ ಆಗಲಿಲ್ಲ. ಕಣ್ಣು ಆ ಎರಡು ಹೆಸರುಗಳ ನಡುವೆಯೇ ಓಡಾಡಿತು. ಕಾರ್ಡು ಮಾಡುವಷ್ಟು ದೂರ ಹೋಗಿತ್ತಾ ಹಾಗಾದರೆ? ಅದು ಮುರಿದು ಬಿದ್ದ ಮೇಲೆ ನಾನಾ? ಅದೇ ಬಳ್ಳಿ, ಅದೇ ದೀಪದ ಅಡಿಗೆ ನನ್ನ ಹೆಸರು ಬರೆದರಾ?

ಮೂಲೆಯ ಗುಣಿಸು ಗುರುತು ಒತ್ತಿ ಕಾರ್ಡು ಮುಚ್ಚಿದಳು. ಹಿಂತಿರುಗಿ ನೋಡಿದಳು. ಎದುರಿನ ಅಂಗಡಿಯ ಮೆಟ್ಟಿಲಲ್ಲಿ ಇಬ್ಬರೂ ನಿಂತಿದ್ದರು. ಸಾತ್ವಿಕಾ ಏನೋ ಹೇಳಿ ಅವನ ಹೆಗಲಿಗೆ ಹೊಡೆದಳು.

ಆಮೇಲೆ ಮಾಡಿದ್ದನ್ನು ಭವ್ಯಶ್ರೀ ತಾನೇ ನಂಬಲಿಲ್ಲ. ಕೈ ಚಾಚಿ, ಟೇಬಲ್ ಫ್ಯಾನಿನ ಮುಖವನ್ನು ಮೆಲ್ಲನೆ ಗೋಡೆಯ ಕಡೆ ತಿರುಗಿಸಿದಳು.

ಹೋಗಲಿ. ಆರು ವರ್ಷವೂ ಸುಟ್ಟು ಹೋಗಲಿ!

ಅವರು ಬರುವಷ್ಟರಲ್ಲಿ ಹಳೆಯ ಕಂಪ್ಯೂಟರು ಒಂದು ಸಲ ಜೋರಾಗಿ ಟಕ್ ಎಂದು ನಿಂತಿತ್ತು. ಅವಳು ಯಾರನ್ನೂ ಕರೆಯಲಿಲ್ಲ. ಸಂಜೆಯವರೆಗೆ ಏನು ಮಾಡಿದರೂ ಅದು ಮತ್ತೆ ಏಳಲಿಲ್ಲ. ಮೂರು ವರ್ಷದ ಕೆಲಸ ಬಂದಿತ್ತು, ಮೂರು ವರ್ಷದ್ದು ಅದರೊಳಗೇ ಉಳಿಯಿತು. ಸಂದೇಶ ಗೋಡೆಯ ಕಡೆ ತಿರುಗಿದ್ದ ಫ್ಯಾನನ್ನು ನೋಡಿದ, ಹೆಂಡತಿಯನ್ನು ನೋಡಿದ, ಏನೂ ಹೇಳಲಿಲ್ಲ. ಬೈದಿದ್ದರೆ ಅವಳಿಗೆ ಅಳಲಿಕ್ಕಾದರೂ ಆಗುತ್ತಿತ್ತು.

ವಾರದಲ್ಲಿ ಆಟಿ ತಿಂಗಳು, ತುಳುನಾಡಿನ ಆಷಾಢ, ಬಂತು. ಹೊಸ ಮದುಮಗಳು ಆಟಿಗೆ ತವರಿಗೆ ಹೋಗುವುದು ಎಲ್ಲ ಮನೆಯಲ್ಲೂ ಉಂಟು. ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಭವ್ಯಶ್ರೀ ತವರೂರು ಅಳದಂಗಡಿಗೆ ಹೊರಟಳು. ತಿಂಗಳಿಗೆ ಬೇಕಾದದ್ದಕ್ಕಿಂತ ಹೆಚ್ಚು ಸೀರೆ ತುಂಬಿಕೊಂಡಳು. ಸಂದೇಶ ದಿನಾ ಫೋನು ಮಾಡುತ್ತಿದ್ದ. ಊಟ ಆಯಿತಾ ಎಂದರೆ ಹೂಂ. ಹುಷಾರುಂಟಾ ಎಂದರೆ ಹೂಂ. ಎರಡನೆಯ ವಾರ ಅವನ ಪ್ರಶ್ನೆಗಳೂ ಮುಗಿದವು.

ತಾಯಿ ಕಾವೇರಮ್ಮ ಎಲ್ಲ ಗಮನಿಸುತ್ತಿದ್ದರು. ಆಟಿ ಮುಗಿದು ಸೋಣ ತಿಂಗಳ ಮೊದಲ ದಿನ ಅಳಿಯ ಬರುತ್ತಾನೆಂದು ಕೆಸುವಿನ ಎಲೆಯ ಪತ್ರೊಡೆ ಬೇಯಲಿಟ್ಟು ಕೇಳಿದರು.

"ಬಟ್ಟೆ ಮಡಚಿ ಇಡಲಿಲ್ವಾ?"

"ನಾನು ಹೋಗುವುದಿಲ್ಲ ಅಮ್ಮ."

"ಅವನಿಗೆ ಹೇಳಿದ್ದೀಯಾ?"

ಭವ್ಯಶ್ರೀ ತಲೆಯಾಡಿಸಿದಳು, ಇಲ್ಲವೆಂದು.

"ಹಾಗಾದರೆ ಬಂದ ಮೇಲೆ ನೀನೇ ಹೇಳು. ನಾನು ಬಡಿಸ್ತೇನೆ, ಅಷ್ಟೇ."

ಸಂದೇಶ ಬಂದ. ತೆಳ್ಳಗಾಗಿದ್ದ. ಪತ್ರೊಡೆ ತಟ್ಟೆಯಲ್ಲಿ ಹಾಗೇ ಇತ್ತು. ಕಾವೇರಮ್ಮ ಬೇಕೆಂದೇ ಹಿತ್ತಿಲಿಗೆ ಹೋದರು.

ಭವ್ಯಶ್ರೀ ಕಂಬ ಹಿಡಿದು ನಿಂತಳು. ತಿಂಗಳಿಡೀ ಜೋಡಿಸಿಟ್ಟ ಮಾತುಗಳಲ್ಲಿ ಒಂದೇ ಒಂದು ಬಾಯಿಗೆ ಬಂತು.

"ನಿಮ್ಮ ಹೆಸರಿನ ಕೆಳಗೆ ಅವಳ ಹೆಸರಿದ್ದ ಕಾರ್ಡು ನಾನು ನೋಡಿದ್ದೇನೆ."

ಅವನು ಯಾರ ಹೆಸರು ಎಂದ. ಸಾತ್ವಿಕಾಳದು ಎಂದಳು. ಅವನ ಮುಖದಲ್ಲಿ ಕಳ್ಳತನ ಹುಡುಕಿದಳು. ಸಿಕ್ಕಿದ್ದು ಬರೀ ಬೆರಗು. ಹೊಸ ಕಂಪ್ಯೂಟರಿನಲ್ಲೇ ಉಂಟು, ಕಣ್ಣಾರೆ ಕಂಡಿದ್ದೇನೆ ಎಂದಳು. ಅವನು ತಟ್ಟೆ ಸರಿಸಿ ಎದ್ದು ನಿಂತ.

"ಒಮ್ಮೆ ಅಂಗಡಿಗೆ ಬಾ. ಒಟ್ಟಿಗೆ ನೋಡುವ. ಆಮೇಲೆ ಬೇಡವೆಂದರೆ ನಾನೇ ವಾಪಸ್ ತಂದು ಬಿಡ್ತೇನೆ."

ವೇಣೂರು ದಾಟುವವರೆಗೂ ಬೈಕಿನಲ್ಲಿ ಇಬ್ಬರ ನಡುವೆ ಒಂದು ಗೇಣು ಜಾಗವಿತ್ತು. ಅವಳು ಹಿಂದಿನ ಕಂಬಿ ಹಿಡಿದು ಕುಳಿತಿದ್ದಳು.

ಅಂಗಡಿಯಲ್ಲಿ ಕಾರ್ಡನ್ನು ಹುಡುಕಿದ್ದು ಅವಳೇ. ತೆರೆದು ಪಕ್ಕಕ್ಕೆ ಸರಿದಳು. ಸಂದೇಶ ನೋಡಿದ. ತುಟಿಯ ಅಂಚಿಗೆ ನಗು ಬಂದರೂ ತಡೆದುಕೊಂಡ.

"ಸಣ್ಣ ಅಕ್ಷರ ಓದಿದ್ದೀಯಾ?"

"ದೊಡ್ಡದೇ ಸಾಕಾಯ್ತು ನನಗೆ."

"ಈಗ ಓದು. ಅವಸರ ಇಲ್ಲ."

ಅವಳು ಬೆರಳಿಟ್ಟು ಓದಿದಳು. ಚಿ. ಸಂದೇಶ್... ಮೂಡುಬಿದಿರೆಯ ಶ್ರೀಮತಿ ಪ್ರಫುಲ್ಲಾ ಮತ್ತು ಶ್ರೀ ಸುಧಾಕರ ಶೆಟ್ಟಿಯವರ ಪುತ್ರ.

"ನನ್ನ ಅಪ್ಪ ಸುಬ್ಬಪ್ಪ ಗೌಡರು ಯಾವಾಗ ಸುಧಾಕರ ಶೆಟ್ಟರಾದದ್ದು?"

ಅವಳು ಇನ್ನೂ ಕೆಳಗೆ ಓದಿದಳು. ದಿನಾಂಕ ಫೆಬ್ರವರಿಯದು. ಸಭಾಭವನ ಮೂಡುಬಿದಿರೆಯದು. ಅದು ಸಾತ್ವಿಕಾ ಮತ್ತು ಅವಳ ಗಂಡ ರಂಜಿತನ ಮದುವೆಯ ಕಾರ್ಡು. ರಂಜಿತನ ಹೆಸರಿನ ಜಾಗದಲ್ಲಿ ಮಾತ್ರ ಸಂದೇಶನ ಹೆಸರು ಕುಳಿತಿತ್ತು.

ಅವನು ನಿಧಾನವಾಗಿ ಬಿಡಿಸಿ ಹೇಳಿದ. ಈ ಅಂಗಡಿಯಲ್ಲಿ ಯಾರೂ ಹೊಸ ಕಾರ್ಡನ್ನು ಮೊದಲಿನಿಂದ ಮಾಡುವುದಿಲ್ಲ. ಕಳೆದ ಸಲದ್ದನ್ನು ತೆರೆದು, ಒಂದೊಂದೇ ಹೆಸರು ಬದಲಿಸಿ, ಬೇರೆ ಹೆಸರಿನಲ್ಲಿ ಉಳಿಸುವುದು. ಜನವರಿಯಲ್ಲಿ ಸಾತ್ವಿಕಾ ತನ್ನ ಕಾರ್ಡು ಮುಗಿಸಿದ ಮರುದಿನ ಅದನ್ನೇ ತೆರೆದು ಸಂದೇಶ-ಭವ್ಯಶ್ರೀಯರ ಮದುವೆಯದ್ದಕ್ಕೆ ಕೈಹಾಕಿದ್ದಳು. ಮದುಮಗನ ಹೆಸರು ಬದಲಿಸಿ ಉಳಿಸಿದ್ದಳು, ಅಷ್ಟರಲ್ಲಿ ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ಮೊದಲಿನಿಂದ ಮಾಡಿದಳು. ಅರ್ಧದ್ದನ್ನು ಅಳಿಸಲು ಇಬ್ಬರೂ ಮರೆತರು.

ಭವ್ಯಶ್ರೀಗೆ ನಾಚಿಕೆಯಾಯಿತು. ಆದರೂ ಎದೆಯೊಳಗಿನ ಉರಿ ಪೂರ್ತಿ ಆರಲಿಲ್ಲ. ಉರಿ ಬರೀ ಕಾರ್ಡಿನದ್ದಾಗಿರಲಿಲ್ಲವಲ್ಲ...

"ದಿನಾ ಅವಳ ಹೆಸರು ಹೇಳ್ತೀರಿ ನೀವು. ಅವಳಿದ್ದಿದ್ದರೆ ಐದು ನಿಮಿಷ ಅಂತ. ನಾನು ಇಲ್ಲೇ ಕೂತಿರ್ತೇನೆ. ನನಗೆ ಕೇಳ್ತದೆ."

ಅವನ ಮುಖ ಇಳಿದುಹೋಯಿತು. ಹಾಗೆ ಹೇಳುತ್ತಿದ್ದದ್ದು ತನಗೇ ಗೊತ್ತಾಗುತ್ತಿರಲಿಲ್ಲ ಎಂದ. ಅವಳನ್ನು ಕುರ್ಚಿಗೆ ಕರೆಯಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೂ ನಿಜ ಎಂದ. ಅವಳು ಮಾತಾಡದೆ ನೋಡುತ್ತಿದ್ದರೆ, ಇವಳಿಗೆ ಈ ಅಂಗಡಿಯೂ ಇಷ್ಟವಿಲ್ಲ, ನಾನೂ ಇಷ್ಟವಿಲ್ಲ ಎಂದೇ ತಿಳಿದಿದ್ದನಂತೆ.

"ಫ್ಯಾನ್ ತಿರುಗಿಸಿದ್ದು ನಾನು," ಎಂದಳು ಅವಳು, ಒಂದೇ ಉಸಿರಿಗೆ.

"ಗೊತ್ತುಂಟು. ಆ ಫ್ಯಾನ್ ತಾನಾಗಿ ಮುಖ ತಿರುಗಿಸುವುದು ನಿಲ್ಲಿಸಿ ಎರಡು ವರ್ಷ ಆಯ್ತು."

"ಗೊತ್ತಿದ್ದೂ ಯಾಕೆ ಕೇಳಲಿಲ್ಲ?"

"ಕೇಳಿದರೆ ನೀನು ತವರಿಂದ ವಾಪಸ್ ಬಾರದಿದ್ದರೆ? ಮೂರು ವರ್ಷದ ಕಾರ್ಡು ಹೋದರೆ ಹೋಗಲಿ ಅಂದುಕೊಂಡೆ."

ಭವ್ಯಶ್ರೀಯ ಕಣ್ಣು ತುಂಬಿತು. ಅವಳು ಅವನ ಅಂಗಿಯ ತೋಳಿನ ತುದಿ ಹಿಡಿದಳು. ಮದುವೆಯಾದ ಮೇಲೆ ಅವಳಾಗಿ ಅವನನ್ನು ಮುಟ್ಟಿದ್ದು ಅದೇ ಮೊದಲು.

"ನೀನು ಹೋದ ಮೇಲೆ ಅಂಗಡಿಯಲ್ಲಿ ಶಬ್ದವೇ ಇಲ್ಲ," ಎಂದ ಅವನು.

"ಇದ್ದಾಗಲೂ ನಾನು ಮಾತಾಡ್ತಿರಲಿಲ್ಲ."

"ಹೌದು. ಆದರೂ."

ಅವಳು ನಕ್ಕಳು. ನಗುವುದು ಕಂಡರೆ ಎಂದು ಮುಖ ಬಗ್ಗಿಸಿದಳು. ಹಣೆ ಅವನ ಭುಜಕ್ಕೆ ತಾಗಿತು, ತಾಗಿದಲ್ಲೇ ನಿಂತಿತು. ರಸ್ತೆಯಲ್ಲಿ ಬಂಟ್ವಾಳದ ಬಸ್ಸು ಹಾರ್ನ್ ಹಾಕಿ ಹೋಯಿತು. ಇಬ್ಬರೂ ಅಲುಗಲಿಲ್ಲ.

"ಇನ್ನು ಮುಂದೆ ಎಂತ ಕಂಡರೂ ನನ್ನನ್ನೇ ಕೇಳು, ಭವ್ಯ," ಎಂದ ಸಂದೇಶ.

ತೋಳು ಹಿಡಿದ ಅವಳ ಬೆರಳುಗಳು ಇನ್ನಷ್ಟು ಬಿಗಿಯಾದವು. ಅವನು ಕಾದ. ಆಮೇಲೆ ಅದನ್ನೇ ಇನ್ನೊಮ್ಮೆ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ.

"ನನ್ನನ್ನೇ ಕೇಳು."